ಸತ್ತ ಮೇಲೂ ತೀರದ ತೆರ: ಜಿಂಬಾಬ್ವೆಯ ಶೋನಾ ಜನರ ಮದುವೆ, ಸಾವು ಮತ್ತು ಹಿರೀಕರು

ಇವತ್ತು ಆಫ್ರಿಕಾದ ದಕ್ಷಿಣ ಭಾಗದಲ್ಲಿರೋ ಜಿಂಬಾಬ್ವೆಗೆ ಹೋಗೋಣ.

ಒಂದು ಸನ್ನಿವೇಶ ಊಹಿಸ್ಕೊಳ್ಳಿ. ಹೆಂಡತಿ ತೀರಿಕೊಂಡಿದ್ದಾಳೆ. ಗುಂಡಿ ತೋಡಿ ಆಗಿದೆ, ಜನ ಸೇರಿದ್ದಾರೆ. ಆದ್ರೆ ಅವಳ ತವರಿನವರು ಎದ್ದು ನಿಂತು ಹೇಳ್ತಾರೆ: “ನಮ್ಮ ಹುಡುಗಿಗೆ ನೀನು ತೆರ ಕೊಟ್ಟಿಲ್ಲ. ಅದು ಇತ್ಯರ್ಥ ಆಗೋವರೆಗೂ ಮಣ್ಣು ಮಾಡೋದಕ್ಕೆ ಬಿಡಲ್ಲ.” ಇದು ಹಳೇ ಕಾಲದ ಕಥೆ ಅಲ್ಲ. ಇಂಥ ಜಗಳಗಳು ಜಿಂಬಾಬ್ವೆಯಲ್ಲಿ ಈಗಲೂ ಸುದ್ದಿ ಆಗ್ತವೆ.

ಇದು ಬರೀ ದುಡ್ಡಿನ ಆಸೆನಾ? ಅದನ್ನ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಿಂಬಾಬ್ವೆಯಲ್ಲಿ ಶೋನಾ ಭಾಷಿಕರೇ ಬಹುಸಂಖ್ಯಾತರು. ಜೆಜುರು, ಕರಂಗ, ಮನ್ಯಿಕ, ಕೊರೆಕೊರೆ ಹೀಗೆ ಅವರಲ್ಲಿ ಹಲವು ಗುಂಪುಗಳಿವೆ. ದೇಶಕ್ಕೆ ಹೆಸರು ಕೊಟ್ಟ ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಗೋಡೆಗಳನ್ನು ಸುಮಾರು 11ರಿಂದ 15ನೇ ಶತಮಾನದ ನಡುವೆ ಕಟ್ಟಿದ್ದು ಇವರ ಪೂರ್ವಿಕರೇ. ಪ್ರತಿಯೊಬ್ಬರಿಗೂ ತಂದೆಯ ಕಡೆಯಿಂದ ಬರುವ ಒಂದು ಕುಲಚಿಹ್ನೆ ಇರುತ್ತೆ, ಅದಕ್ಕೆ ‘ಮುಟುಪೊ’ ಅಂತಾರೆ. ಸಿಂಹ, ಕೋತಿ, ಹೃದಯ ಹೀಗೆ. ನಮ್ಮಲ್ಲಿ ಒಂದೇ ಬೆಡಗಿನವರು ಮದುವೆ ಆಗಲ್ಲ ಅಂತೀವಲ್ಲ, ಅದೇ ಥರ ಅಲ್ಲೂ ಒಂದೇ ಮುಟುಪೊದವರ ನಡುವೆ ಮದುವೆ ನಿಷಿದ್ಧ.

ಇನ್ನು ಮದುವೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡೋದಕ್ಕೆ ‘ರೂರಾ’ ಅಂತ ಹೆಸರು. ಕರ್ನಾಟಕದ ಹಲವು ಸಮುದಾಯಗಳಲ್ಲೂ ಹಿಂದೆ ಹೆಣ್ಣಿಗೆ ತೆರ ಕೊಡೋ ಪದ್ಧತಿ ಇತ್ತು, ಹಾಗಾಗಿ ಆ ಪದವನ್ನೇ ಬಳಸ್ತಿದ್ದೀನಿ. ಹುಡುಗ ನೇರವಾಗಿ ಹೋಗಿ ಮಾತಾಡೋ ಹಾಗಿಲ್ಲ. ‘ಮುನ್ಯಾಯಿ’ ಅನ್ನೋ ಮಧ್ಯವರ್ತಿ ಹೋಗ್ಬೇಕು. ಅಲ್ಲಿ ಬಾಯಿ ತೆರೆದು ಮಾತು ಶುರು ಮಾಡೋದಕ್ಕೇ ಮೊದಲು ಒಂದು ಕಾಣಿಕೆ! ಆಮೇಲೆ ದನಗಳ ಲೆಕ್ಕ. ಅದರಲ್ಲಿ ಒಂದು ಹಸು ಮಾತ್ರ ಬೇರೆ: ‘ಮೊಂಬೆ ಯೆಉಮಾಯಿ’, ಅಂದ್ರೆ ತಾಯಿಯ ಹಸು. ಅದು ಹುಡುಗಿಯ ಅಮ್ಮನಿಗೆ ಸೇರಿದ್ದು. ಅದನ್ನ ತಪ್ಪಿಸಿದ್ರೆ ತಾಯಿಯ ಕಡೆಯ ಹಿರೀಕರು ಮುನಿಸ್ಕೋತಾರೆ ಅನ್ನೋ ನಂಬಿಕೆ. ಬೇರೆದಕ್ಕೆಲ್ಲ ದುಡ್ಡು ಆಗುತ್ತೆ, ಇದು ಮಾತ್ರ ಜೀವಂತ ಹಸುವೇ ಆಗ್ಬೇಕು ಅಂತ ಪಟ್ಟು ಹಿಡಿಯೋ ಮನೆಗಳು ಇವತ್ತಿಗೂ ಇವೆ.

ತೆರ ಒಂದೇ ಸಲಕ್ಕೆ ತೀರಲ್ಲ, ತೀರಬಾರದು ಕೂಡ. “ಅಳಿಯ ಅಂದ್ರೆ ಅತ್ತಿ ಮರ, ತಿಂದಷ್ಟೂ ಮುಗಿಯಲ್ಲ” ಅನ್ನೋ ಅರ್ಥದ ಗಾದೆಯೇ ಶೋನಾದಲ್ಲಿದೆ. ಸಾಲ ಉಳಿದಿದೆ ಅಂದ್ರೆ ಎರಡು ಮನೆಗಳ ಸಂಬಂಧ ಉಳಿದಿದೆ ಅಂತ ಲೆಕ್ಕ.

ಹಾಗಾದ್ರೆ ಇದು ದುಡ್ಡಿನ ವ್ಯವಹಾರ ಆಗಿದ್ದು ಯಾವಾಗ? 1890ರಲ್ಲಿ ಬ್ರಿಟಿಷ್ ವಸಾಹತುಗಾರರು ಬಂದ್ರು. ಬೆನ್ನಿಗೇ ಗುಡಿಸಲು ತೆರಿಗೆ. 1896ರಲ್ಲಿ ರಿಂಡರ್‌ಪೆಸ್ಟ್ ಅನ್ನೋ ದನಗಳ ಮಾರಿರೋಗ ಕೊಟ್ಟಿಗೆಗಳನ್ನೇ ಖಾಲಿ ಮಾಡ್ತು. ಗಂಡಸರು ಗಣಿಗಳಿಗೆ, ಬಿಳಿಯರ ತೋಟಗಳಿಗೆ ಕೂಲಿಗೆ ಹೋದ್ರು. ಕೈಗೆ ಬಂದಿದ್ದು ನಗದು, ಹಾಗಾಗಿ ತೆರವೂ ನಿಧಾನಕ್ಕೆ ನಗದಾಯ್ತು. ಮುಂದೆ 2009ರ ಜನವರಿಯಲ್ಲಿ 100 ಟ್ರಿಲಿಯನ್ ಡಾಲರ್ ನೋಟು ಅಚ್ಚಾಗುವಷ್ಟು ಹಣದುಬ್ಬರ. ನೋಟಿಗೆ ಬೆಲೆ ಹೋಯ್ತು, ಹಸುವಿನ ಬೆಲೆ ಮಾತ್ರ ಹಸುವಿನಲ್ಲೇ ಉಳೀತು.

ಈಗ ಸಾವಿನ ಮನೆಗೆ ಬರೋಣ. ಶೋನಾ ಸಾವಿನ ಮನೇಲಿ ಅಳು ಮಾತ್ರ ಇರಲ್ಲ, ನಗುವೂ ಇರುತ್ತೆ. ಮನೆಯ ಸೊಸೆಯರು ಸತ್ತವರ ನಡಿಗೆ, ಮಾತು, ಬೈಗುಳ ಎಲ್ಲವನ್ನೂ ಅಣಕಿಸಿ ತೋರಿಸ್ತಾರೆ. ‘ಸಹ್ವಿರಾ’ ಅನ್ನೋ ಕುಟುಂಬದ ಆಪ್ತ ಗೆಳೆಯನಿಗೆ, ಬೇರೆಯವರು ಹೇಳೋಕೆ ಹೆದರೋ ಸತ್ಯಗಳನ್ನ ತಮಾಷೆಯಾಗಿ ಹೇಳೋ ಹಕ್ಕಿದೆ. ಸುಮಾರು ಒಂದು ವರ್ಷ ಆದ್ಮೇಲೆ ‘ಕುರೊವಾ ಗುವಾ’ ಅನ್ನೋ ವಿಧಿ. ಮನೇಲೇ ಬಿಯರ್ ತಯಾರಿಸಿ, ಹಾಡಿ ಕುಣಿದು, ಅಲೆಯುತ್ತಿರೋ ಆತ್ಮವನ್ನು ಮನೆಗೆ ಕರೆತರ್ತಾರೆ. ಆಗ ಸತ್ತವರು ‘ಮುಜಿಮು’ ಆಗ್ತಾರೆ, ಅಂದ್ರೆ ಮನೆ ಕಾಯೋ ಹಿರೀಕರು. ಮ್ವಾರಿ ಅನ್ನೋ ಪರಮದೈವಕ್ಕೂ ಮನುಷ್ಯರಿಗೂ ನಡುವೆ ಇರೋರು ಇವರೇ.

ಈಗ ಆ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತೆ ನೋಡಿ. ತೆರ ಅನ್ನೋದು ಹಿರೀಕರ ನಡುವಿನ ಒಪ್ಪಂದ. ಒಪ್ಪಂದವೇ ಆಗಿಲ್ಲ ಅಂದ್ರೆ, ಸತ್ತವಳು ಯಾವ ಮನೆಗೆ ಸೇರಿದವಳು? ತವರಿನವರು ಎತ್ತೋದು ಈ ಪ್ರಶ್ನೆಯನ್ನ. ಆದ್ರೆ ಹೆಣ ಮುಂದಿಟ್ಟುಕೊಂಡು, ದುಃಖದಲ್ಲಿರೋನ ಹತ್ತಿರ ಹಣಕ್ಕೆ ಚೌಕಾಸಿ ಮಾಡೋದನ್ನ ಖಂಡಿಸೋ ಶೋನಾ ಜನರೂ ಬಹಳ ಇದ್ದಾರೆ.

ಹೆಣ್ಣುಮಕ್ಕಳ ದೃಷ್ಟಿಯಿಂದ ನೋಡಿದ್ರೆ ವಿಷಯ ಇನ್ನೂ ಜಟಿಲ. 1982ರ ಕಾನೂನು 18 ತುಂಬಿದ ಹೆಣ್ಣನ್ನು ವಯಸ್ಕಳು ಅಂತ ಒಪ್ಪಿಕೊಳ್ತು. ಆದ್ರೆ 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಂಪ್ರದಾಯದ ಹೆಸರಲ್ಲಿ ಹಿರಿಯ ಮಗಳನ್ನು ಬಿಟ್ಟು ಕಿರಿಯ ಮಗನಿಗೆ ತಂದೆಯ ಆಸ್ತಿ ಕೊಡ್ತು. 2013ರ ಸಂವಿಧಾನ, ಮಹಿಳೆಯರ ಹಕ್ಕಿಗೆ ವಿರುದ್ಧವಾದ ಸಂಪ್ರದಾಯ ಅಸಿಂಧು ಅಂತು. 2016ರಲ್ಲಿ ಇಬ್ಬರು ಯುವತಿಯರು ಹೂಡಿದ ಮೊಕದ್ದಮೆಯಲ್ಲಿ ಸಂವಿಧಾನ ನ್ಯಾಯಾಲಯ 18ಕ್ಕಿಂತ ಮೊದಲಿನ ಮದುವೆಯನ್ನು ನಿಷೇಧಿಸ್ತು.

ಹಾಗಂತ ರೂರಾ ಬೇಡವೇ ಬೇಡ ಅಂತ ಎಲ್ಲ ಹೆಂಗಸರೂ ಹೇಳಲ್ಲ. ನೋಂದಣಿ ಆಗದ ಸಾಂಪ್ರದಾಯಿಕ ಮದುವೆಗಳೇ ಅಲ್ಲಿ ಜಾಸ್ತಿ. ಗಂಡ ಸತ್ತಾಗ “ನಾನು ಅವರ ಹೆಂಡತಿ” ಅಂತ ತೋರಿಸೋಕೆ, ತೆರ ಕೊಟ್ಟಿದ್ದರ ಸಾಕ್ಷಿಯೇ ಎಷ್ಟೋ ವಿಧವೆಯರಿಗೆ ಆಧಾರ. ಒಬ್ಬಳಿಗೆ ಹಗ್ಗ ಆಗಿದ್ದು ಇನ್ನೊಬ್ಬಳಿಗೆ ಊರುಗೋಲು.

ಶೋನಾ ಜನರಲ್ಲಿ ಇವತ್ತು ಬಹುಪಾಲು ಕ್ರೈಸ್ತರು. ವಸಾಹತು ಕಾಲದ ಮಿಷನರಿಗಳು ಹಿರೀಕರನ್ನು ಕರೆಯೋ ವಾದ್ಯ ‘ಎಂಬಿರಾ’ವನ್ನು ದೂರ ಇಟ್ಟಿದ್ರು. ಮರದ ಹಲಗೆ ಮೇಲೆ ಕಬ್ಬಿಣದ ಪಟ್ಟಿಗಳು, ಹೆಬ್ಬೆರಳಲ್ಲಿ ಮೀಟೋದು. 1970ರ ದಶಕದಲ್ಲಿ ಥಾಮಸ್ ಮಪ್‌ಫುಮೊ ಅದೇ ನಾದವನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ತಂದು ಸ್ವಾತಂತ್ರ್ಯ ಹೋರಾಟದ ಹಾಡು ಮಾಡಿದ್ರು. 2020ರಲ್ಲಿ ಯುನೆಸ್ಕೋ ಎಂಬಿರಾವನ್ನು ಪರಂಪರೆಯ ಪಟ್ಟಿಗೆ ಸೇರಿಸ್ತು. 1898ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ, ನೆಹಾಂಡಾ ಆತ್ಮದ ಮಾಧ್ಯಮವಾಗಿದ್ದ ಚಾರ್ವೆಯ ಪ್ರತಿಮೆ 2021ರಿಂದ ಹರಾರೆಯ ನಡುರಸ್ತೆಯಲ್ಲಿ ನಿಂತಿದೆ. ಭಾನುವಾರ ಚರ್ಚಿಗೆ ಹೋಗೋ ಕುಟುಂಬವೇ ನವೆಂಬರ್‌ನಲ್ಲಿ ಮದುವೆ ಇಟ್ಕೊಳ್ಳೋಕೆ ಹಿಂದೆ ಮುಂದೆ ನೋಡುತ್ತೆ, ಯಾಕಂದ್ರೆ ಅದು ‘ಎಂಬುಜಿ’, ಹಿರೀಕರು ವಿಶ್ರಾಂತಿ ತಗೊಳ್ಳೋ ತಿಂಗಳು.

ಈಗ ಲಂಡನ್ನಲ್ಲೋ ಜೋಹಾನ್ಸ್‌ಬರ್ಗ್‌ನಲ್ಲೋ ಕೆಲಸ ಮಾಡೋ ಹುಡುಗ ಮೊಬೈಲಲ್ಲೇ ತೆರದ ಕಂತು ಕಳಿಸ್ತಾನೆ, ಮಾತುಕತೆಯನ್ನ ವಿಡಿಯೋ ಕಾಲ್‌ನಲ್ಲಿ ನೋಡ್ತಾನೆ. ಆದ್ರೂ ಅಲ್ಲಿ ಕೂತು ಮಾತಾಡೋಕೆ ಒಬ್ಬ ಮುನ್ಯಾಯಿ ಬೇಕೇ ಬೇಕು. ತಾಯಿಯ ಹಸುವನ್ನ ಊರಲ್ಲಿ ಯಾರಾದ್ರೂ ಹೊಡ್ಕೊಂಡು ಹೋಗಿ ಕಟ್ಟಲೇಬೇಕು.

ಇವತ್ತಿಗೆ ಇಷ್ಟು. ನಿಮ್ಮ ಮನೇಲಿ ಅಜ್ಜಿ ಇದ್ರೆ ತೆರದ ಬಗ್ಗೆ ಒಮ್ಮೆ ಕೇಳಿ ನೋಡಿ.