ಸುಣ್ಣ–ಬಣ್ಣದ ನಂಟು

ಸುಣ್ಣ

ಗೋಡೆಗೆ ‘ಲೈಮ್ ವಾಶ್ ಫಿನಿಶ್’ ಬೇಕು ಎನ್ನುವ ಮಾತು ಈಗ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅದು ನಮ್ಮ ಸುಣ್ಣವೇ. ಸಂಸ್ಕೃತದ ಚೂರ್ಣ ಪ್ರಾಕೃತದಲ್ಲಿ ಚುಣ್ಣವಾಗಿ, ಕನ್ನಡಕ್ಕೆ ಸುಣ್ಣವಾಗಿ ಬಂತು. ವರ್ಣ ಬಣ್ಣವಾದದ್ದೂ ಇದೇ ದಾರಿಯಲ್ಲಿ. ‘ಸುಣ್ಣಬಣ್ಣ’ ಬರೀ ಪ್ರಾಸದ ಜೋಡಿಯಲ್ಲ. ಸೇಡಂ ಸೀಮೆಯ ಮುಧೋಳದಿಂದ ಗಡಿ ದಾಟಿದರೆ ತೆಲುಗಿನ ಸುನ್ನಂ. ಮರಾಠಿಯಲ್ಲಿ ಚುನಾ, ತಮಿಳಿನಲ್ಲಿ ಸುಣ್ಣಾಂಬು. ಮೂಲಾರ್ಥ ಪುಡಿ, ವೈದ್ಯರ ಚೂರ್ಣದಲ್ಲಿ ಅದು ಹಾಗೇ ಉಳಿದಿದೆ. ‘ಸೋತು ಸುಣ್ಣವಾದ’ ಎಂದಾಗ ನನಗೆ ಕಾಣುವುದು ಬೆಂದು ಪುಡಿಯಾದ ಕಲ್ಲು. ಶಹಾಬಾದ, ವಾಡಿ, ಸೇಡಂ ನೆಲದಡಿ ಇರುವುದೂ ಆ ಸುಣ್ಣಕಲ್ಲೇ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ ಬಳಿದರೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗೋಡೆಯ ಮೇಲೆ ಅದು ಮತ್ತೆ ಕಲ್ಲಾಗುತ್ತದೆ.