ಕೈ ನಮ್ಮದು, ಕಥೆ ಯಾರದು?

ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂಚಿತ್ರದ ಇಸ್ಪೀಟೆಲೆಗಳ ತಯಾರಿಕೆಗೆಂದು ಜನಿಸಿದ ನಿಂಟೆಂಡೊ, ಮುಂದೆ ವಿಡಿಯೋ ಆಟಗಳಿಂದ ಜಗದ್ವಿಖ್ಯಾತವಾಯಿತು; ಮಾರಿಯೋ ಮೊದಲಾದ ಪಾತ್ರಗಳ ಒಡೆತನವನ್ನು ತಾನೇ ಉಳಿಸಿಕೊಂಡಿತು.

ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಿಗೆ ಆಶ್ರಯವಿತ್ತ ಕನ್ನಡ ನಾಡಿಗೂ ಆಟದ ಕಲೆ ಹೊಸದಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರ್‌ಆಕ್ಟಿವ್’ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಕಲಾವಿದರು ಮೈಕ್ರೋಸಾಫ್ಟಿನ ‘ಫೋರ್ಜಾ’ದಂತಹ ಹೆಸರಾಂತ ಆಟಗಳಿಗೆ ದುಡಿದರು. ಸಂಸ್ಥೆಯ ಬಹುಪಾಲು ಒಡೆತನ 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್‌ಗೆ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್‌ಗೆ ಸೇರಿತು. ಧ್ರುವ ಎಂಬ ಹೆಸರು ಮರೆಯಾಯಿತು.

ಕೈ ನಮ್ಮದು, ಕಥೆ ಅನ್ಯರದು. ಹೊಸೂರು ಸೀಮೆಯ ಈ ತೊರಪಲ್ಲಿ ಅಗ್ರಹಾರದಿಂದ ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಮಕ್ಕಳು ಕಸುಬಿನ ಜೊತೆಗೆ ಕನ್ನಡದ ಕಥೆಗಳನ್ನೂ ಕೊಂಡೊಯ್ಯಲಿ. ಆಗ ಆಟದ ಒಡೆತನವೂ ನಮ್ಮದಾದೀತು.