ಕಾಣದ ಅಂಗಡಿಯ ವ್ಯಾಪಾರ

ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ನಿಂತು, ಸರಕನ್ನು ಕೈಯಲ್ಲಿ ಹಿಡಿದು ನೋಡಿ, ಬಳಿಕ ಹಣವನ್ನು ಎಣಿಸಿಕೊಡುವ ವ್ಯಾಪಾರದಲ್ಲಿಯೂ ಮೋಸವುಂಟು. ಆದರೆ ಅಲ್ಲಿ ಅದಕ್ಕೆ ದೊರೆಯುವ ಅವಕಾಶ ಅಲ್ಪವಾದುದು. ಹಣವು ಕೈಬಿಡುವ ಗಳಿಗೆಗೂ ಸರಕು ಪರೀಕ್ಷೆಗೆ ಸಿಕ್ಕುವ ಗಳಿಗೆಗೂ ನಡುವೆ ಎಷ್ಟು ಅಂತರ ಬೀಳುವುದೋ, ವಂಚಕನಿಗೆ ಅಷ್ಟೂ ಎಡೆ ದೊರೆಯುವುದು. ಈಗ ಅಂತರ್ಜಾಲದ ಅಂಗಡಿಗಳ ಹೆಸರಿನಲ್ಲಿ ನಡೆಯುತ್ತಿರುವ ಮೋಸಗಳು ಹೊಸ ಯಂತ್ರಗಳನ್ನು ಆಶ್ರಯಿಸಿದ್ದರೂ, ಅವುಗಳ ಬೇರು ಈ ಹಳೆಯ ಅಂತರದಲ್ಲಿಯೇ ಇರುವುದೆಂಬುದು ವಾಣಿಜ್ಯದ ಚರಿತ್ರೆಯಿಂದ ವಿದಿತವಾಗುವುದು.

ನಮ್ಮ ಪ್ರಾಚೀನ ಶಾಸ್ತ್ರಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಕೊಳ್ಳುವವನು ಮೊದಲು ತಾನೇ ಸರಕಿನ ಗುಣದೋಷಗಳನ್ನು ಪರೀಕ್ಷಿಸಬೇಕೆಂದು ನಾರದಸ್ಮೃತಿಯು ವಿಧಿಸಿ, ಪರೀಕ್ಷೆಯ ಕಾಲಾವಧಿಯನ್ನೂ ಗೊತ್ತುಮಾಡಿರುವುದು. ಕರೆಯುವ ಹಸುವಿಗೆ 3 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ಮುತ್ತು ವಜ್ರ ಹವಳಗಳಿಗೆ 7 ದಿನ, ಬಿತ್ತನೆಯ ಬೀಜಗಳಿಗೆ 10 ದಿನ, ಲೋಹಕ್ಕೂ ಬಟ್ಟೆಗೂ ಒಂದೇ ದಿನ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ‘ಅನುಶಯ’ವೆಂಬ ನಿಯಮವಿರುವುದು. ಕ್ರಯವಿಕ್ರಯವನ್ನು ಮುರಿದುಕೊಳ್ಳಲು ವರ್ತಕರಿಗೆ ಒಂದು ರಾತ್ರಿ, ಒಕ್ಕಲಿಗರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿಗಳ ಕಾಲವನ್ನು ಅದು ಕೊಟ್ಟಿರುವುದು. ಕೀಳು ಜಾತಿಯ ಸರಕನ್ನು ಉತ್ತಮ ಜಾತಿಯದೆಂದು ಹೇಳಿ ಮಾರಿದವನಿಗೆ ಬೆಲೆಯ ಎಂಟುಪಾಲು ದಂಡವನ್ನು ವಿಧಿಸಿರುವುದು. ಕೊಳ್ಳುವವನು ನೋಡಿ ಕೊಳ್ಳತಕ್ಕದ್ದು, ಆದರೆ ಸುಳ್ಳಾಡಿ ಮಾರಿದವನೇ ಅಪರಾಧಿ. ಇದೇ ಈ ವಿಧಿಗಳ ತಾತ್ಪರ್ಯ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ಅಂಚೆ, ವೃತ್ತಪತ್ರಿಕೆ ಈ ಮೂರೂ ಕೂಡಿ ಕಾಣದ ಅಂಗಡಿಯೊಂದನ್ನು ನಿರ್ಮಿಸಿದುವು. ಪತ್ರಿಕೆಯ ಜಾಹೀರಾತನ್ನು ಓದಿ ದೂರದ ಊರಿಗೆ ಹಣ ಕಳುಹಿಸಿ ಸರಕಿಗಾಗಿ ಕಾಯುವ ಪದ್ಧತಿ ಬೆಳೆಯಿತು. ಅದರ ನೆರಳಿನಲ್ಲಿ ವಂಚನೆಯೂ ಬೆಳೆಯಿತು. ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ಅಂಚೆಯ ಮೂಲಕ ಮೋಸಮಾಡುವುದನ್ನು ಅಪರಾಧವೆಂದು ಸಾರುವ ಶಾಸನವು 1872ರಲ್ಲಿಯೇ ಹುಟ್ಟಿತು. ಭಾರತದ ಅಂಚೆಯ ಇಲಾಖೆಯು 1877ರಲ್ಲಿ ‘ವಿ. ಪಿ.’ ಎಂದು ಜನರು ಕರೆಯುವ ವ್ಯವಸ್ಥೆಯನ್ನು ಆರಂಭಿಸಿತು. ಅಂಚೆಯವನು ಪಾರ್ಸಲನ್ನು ಮನೆಗೆ ತಂದು, ಬೆಲೆಯನ್ನು ವಸೂಲುಮಾಡಿ, ಅದನ್ನು ಮಾರಿದವನಿಗೆ ತಲಪಿಸುವ ಏರ್ಪಾಡು ಅದು. ಹಣ ಮುಂದಾಗಿ ಹೋಗುವ ಭಯವು ಇದರಿಂದ ತಪ್ಪಿತು. ಆದರೆ ಹಣ ಕೊಟ್ಟ ಮೇಲೆಯೇ ಪಾರ್ಸಲನ್ನು ಬಿಚ್ಚಬೇಕಾಗಿದ್ದುದರಿಂದ ಸ್ವಲ್ಪ ಅಂತರವು ಉಳಿದೇ ಉಳಿಯಿತು. ಯಾರೂ ಬೇಡದ ಸರಕನ್ನು ವಿ. ಪಿ. ಮಾಡಿ ಕಳುಹಿಸಿ ಹಣ ಕೀಳುವುದಕ್ಕೂ ದಾರಿಯಾಯಿತು. ಆದಕಾರಣ 1898ರ ಅಂಚೆಯ ಕಾಯಿದೆಯು, ನಿಜವಾದ ಬೇಡಿಕೆ ಬಂದುದರಿಂದಲೇ ಕಳುಹಿಸುತ್ತಿರುವೆನೆಂದು ಕಳುಹಿಸುವವನು ಘೋಷಿಸತಕ್ಕದ್ದೆಂದು ಕಟ್ಟುಮಾಡಿತು. ಆ ಕಾಯಿದೆಯು ಈಗ ಜಾರಿಯಲ್ಲಿಲ್ಲ. 2023ರಲ್ಲಿ ಅಂಗೀಕೃತವಾದ ಹೊಸ ಕಾಯಿದೆಯು 2024ರಲ್ಲಿ ಅದರ ಸ್ಥಾನಕ್ಕೆ ಬಂದಿರುವುದು. ಆದರೆ ಅದು ತಡೆಯಲೆಳಸಿದ ಉಪಾಯವು ಇನ್ನೂ ಸತ್ತಿಲ್ಲ.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2010ರಲ್ಲಿ, ಸರಕು ಮನೆಗೆ ಬಂದಾಗ ಹಣ ಕೊಡುವ ಅನುಕೂಲವನ್ನು ಜಾರಿಗೆ ತಂದಿತು. ಅದು ವಿ. ಪಿ.ಯ ಮರುಹುಟ್ಟೇ ಸರಿ. ಅದರೊಡನೆ ಹಳೆಯ ಮೋಸವೂ ಮರಳಿ ಹುಟ್ಟಿತು. ಯಾರೂ ತರಿಸದ ಪೆಟ್ಟಿಗೆಯೊಂದು ಬಾಗಿಲಿಗೆ ಬರುವುದು. ಮಗನೋ ಸೊಸೆಯೋ ತರಿಸಿರಬಹುದೆಂದು ಮನೆಯ ಹಿರಿಯರು ಹಣ ಕೊಡುವರು. ಒಳಗೆ ಕೆಲಸಕ್ಕೆ ಬಾರದ ವಸ್ತು. ಕೇಳದೆ ಹಣ ಕೊಡಬಾರದೆಂಬ ಕಟ್ಟಳೆಯನ್ನು ಪ್ರತಿಯೊಂದು ಮನೆಯಲ್ಲಿಯೂ ಇಟ್ಟುಕೊಳ್ಳುವುದು ಒಳ್ಳೆಯದು.

2016ರಲ್ಲಿ ಯು. ಪಿ. ಐ. ಪದ್ಧತಿಯು ಬಂದ ಮೇಲಂತೂ ಹಣವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೈದಾಟುವಂತಾಯಿತು. ಸರಕು ಮಾತ್ರ ಹಿಂದಿನಂತೆ ದಿನಗಟ್ಟಲೆ ಕಾಯಿಸುವುದು. ಈ ಎಡೆಯಲ್ಲಿ ಬಲೆ ಹರಡುವವರ ಲಕ್ಷಣಗಳು ಕೆಲವುಂಟು. ಪ್ರಸಿದ್ಧ ಅಂಗಡಿಯ ವಿಳಾಸದಲ್ಲಿ ಒಂದಕ್ಷರವನ್ನು ಬದಲಿಸಿ ಅದೇ ಮುಖದ ಪುಟವನ್ನು ಕಟ್ಟುವರು. ವಿಳಾಸದ ಬಳಿ ಬೀಗದ ಗುರುತಿದ್ದರೆ ಮಾತುಕತೆಯನ್ನು ಹೊರಗಿನವರು ಕದ್ದು ಓದಲಾರರೆಂದು ಮಾತ್ರ ಅರ್ಥ; ಮಾರುವವನು ಪ್ರಾಮಾಣಿಕನೆಂದು ಅರ್ಥವಲ್ಲ. ಹತ್ತು ಸಾವಿರದ ವಸ್ತುವನ್ನು ಸಾವಿರಕ್ಕೆ ಕೊಡುವೆವೆನ್ನುವರು. ಹತ್ತೇ ನಿಮಿಷ ಉಳಿದಿವೆಯೆಂದು ಅವಸರಪಡಿಸುವರು. ಇಂತಹ ಕೃತಕವಾದ ಅವಸರವನ್ನು ನಮ್ಮ ಸರ್ಕಾರದ ಗ್ರಾಹಕ ಪ್ರಾಧಿಕಾರವು 2023ರಲ್ಲಿ ನಿಷಿದ್ಧ ತಂತ್ರಗಳ ಪಟ್ಟಿಯಲ್ಲಿ ಸೇರಿಸಿರುವುದು. ಅಂಗಡಿಯ ಪುಟವನ್ನು ಬಿಟ್ಟು ಬೇರೆಡೆ ಹಣ ಕಳುಹಿಸಿರೆಂದು ಹೇಳುವವನನ್ನು ನಂಬಲಾಗದು. ಹಣ ಹಿಂದಿರುಗಿಸುವ ನೆಪದಲ್ಲಿ ಗುಪ್ತಸಂಖ್ಯೆಯನ್ನು ಒತ್ತಿಸುವವನಂತೂ ಕಳ್ಳನೇ ಸರಿ; ಯು. ಪಿ. ಐ.ಯಲ್ಲಿ ಆ ಸಂಖ್ಯೆಯು ಹಣ ಕೊಡುವುದಕ್ಕೆ ಬೇಕೇ ಹೊರತು ಪಡೆಯುವುದಕ್ಕೆ ಬೇಕಿಲ್ಲ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂತಹ ಅಂಗಡಿಯು ತನ್ನ ಅಧಿಕೃತ ಹೆಸರು, ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಇವನ್ನು ಪುಟದಲ್ಲಿ ಕಾಣಿಸತಕ್ಕದ್ದು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿಯನ್ನು ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಈ ವಿವರಗಳಿಲ್ಲದ ಕಡೆ ಕೊಳ್ಳದಿರುವುದೇ ಲೇಸು. ಪ್ರಾಚೀನರು ಸರಕನ್ನು ಪರೀಕ್ಷಿಸೆಂದರು. ಸರಕು ಕಾಣದ ಕಾಲದಲ್ಲಿ ಮಾರುವವನನ್ನೇ ಪರೀಕ್ಷಿಸಬೇಕು.

ಇಷ್ಟಾದರೂ ಮೋಸಹೋದವರು ಅನೇಕರು ಬಾಯಿಬಿಡರು. ಓದಿದವರೂ ಮರುಳಾದರೆಂಬ ಮಾತು ಬಂದೀತೆಂದು ನಾಚುವರು. ವಂಚಕನಿಗೆ ಬೇಕಾದುದು ಆ ಮೌನವೇ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿದು ಮರೆಯಾಗುವ ಮುನ್ನ 1930ರ ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ತಡಮಾಡಿದಷ್ಟೂ ಆಸೆ ಕುಗ್ಗುವುದು. ಕೆಟ್ಟ ಸರಕು, ಬಾರದ ಸರಕುಗಳ ದೂರಿಗೆ ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915. ಎಂಟುಪಾಲು ದಂಡವನ್ನು ವಿಧಿಸಿದ ಶಾಸ್ತ್ರವು ಅದನ್ನು ಮಾರಿದವನ ಮೇಲೆ ವಿಧಿಸಿತೇ ಹೊರತು ಕೊಂಡವನ ಮೇಲಲ್ಲ. ನಾಚಿಕೆಯೂ ಅವನಿಗೇ ಸಲ್ಲತಕ್ಕದ್ದು. ಮನೆಯಲ್ಲಿ ಒಬ್ಬರು ಮೋಸಹೋದರೆ ಉಳಿದವರು ಬೈಯದೆ, ಆ ಗಳಿಗೆಯಲ್ಲಿಯೇ ದೂರು ಕೊಡಿಸುವುದು ಕರ್ತವ್ಯ.